ಗಜಕರ್ಣ: ಮುಲಾಮು ಹಚ್ಚುವ ಮೊದಲು ಕೆರೆದು ನೋಡಿಸಿ



ಕರೋಶಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನಮ್ಮ ಮನೆಗಳಲ್ಲಿ ಆಕಳು, ಎಮ್ಮೆ, ಕರು, ಬೆಕ್ಕು, ಮಕ್ಕಳು ಎಲ್ಲರೂ ಬೆಳೆಯುವುದು ಒಂದೇ ಅಂಗಳದಲ್ಲಿ. ಹಿಂಡಿ ಚೀಲಕ್ಕೆ, ಗೋವಿನಜೋಳದ ರಾಶಿಗೆ ಇಲಿ ಬೀಳಬಾರದೆಂದರೆ ಬೆಕ್ಕು ಬೇಕೇ ಬೇಕು. ಹಾಲು ಹಿಂಡುವ ಹೊತ್ತಿಗೆ ಅದು ಬಂದು ಕಾಲಿಗೆ ಮೈ ತಿಕ್ಕುತ್ತದೆ. ರಾತ್ರಿ ಮಕ್ಕಳ ಕೌದಿಯೊಳಗೆ ಸೇರಿಕೊಳ್ಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೀಗೆ ಕೂಡಿ ಬಾಳುವ ಮನೆಯಲ್ಲಿ ಒಂದು ಚರ್ಮರೋಗ ಸುಲಭವಾಗಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಅದೇ ಗಜಕರ್ಣ. ಕೆಲವರು ಹುಳುಕಡ್ಡಿ ಎನ್ನುತ್ತಾರೆ, ಕೆಲವರು ತದ್ದು ಎನ್ನುತ್ತಾರೆ.

ಮೈಮೇಲೆ ದುಂಡಗಿನ ಕೆಂಪು ಕಲೆ ಎದ್ದು ತುರಿಸತೊಡಗಿದರೆ ನಾವು ಏನು ಮಾಡುತ್ತೇವೆ? ಪೇಟೆಗೆ ಹೋದವರಿಗೆ ಹೇಳಿ ಔಷಧಿ ಅಂಗಡಿಯಿಂದ ಒಂದು ಟ್ಯೂಬು ತರಿಸುತ್ತೇವೆ. ಹಚ್ಚಿದ ಮೂರನೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಟ್ಯೂಬನ್ನು ಮಾಡದೊಳಗೆ ಇಡುತ್ತೇವೆ. ಹದಿನೈದು ದಿನ ಕಳೆಯುವುದರೊಳಗೆ ಒಂದಿದ್ದ ಕಲೆ ನಾಲ್ಕಾಗುತ್ತದೆ, ಮಗುವಿನ ತಲೆಯಲ್ಲೂ ಕಾಣಿಸುತ್ತದೆ. ಆಮೇಲೆ ಸಿಟ್ಟು ಬೆಕ್ಕಿನ ಮೇಲೆ ತಿರುಗಿ, ಅದನ್ನು ಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರುತ್ತೇವೆ. ಆದರೂ ರೋಗ ಹೋಗುವುದಿಲ್ಲ.

ಹೀಗೆ ಆಗುವುದೇಕೆಂದರೆ, ರೋಗ ಯಾವುದು, ಎಲ್ಲಿಂದ ಬಂತು ಎಂದು ನಾವು ನೋಡಿಸಿರುವುದಿಲ್ಲ. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ: ಗಜಕರ್ಣ ಅನಿಸಿದರೆ ಮುಲಾಮು ಹಚ್ಚುವ ಮೊದಲು ಅದರ ಅಂಚನ್ನು ಕೆರೆದು ಪರೀಕ್ಷೆ ಮಾಡಿಸಿ.

ಇದು ಹುಳವಲ್ಲ, ಬೂಷ್ಟು

ಹೆಸರಿನಲ್ಲಿ ಹುಳು ಇದ್ದರೂ ಈ ರೋಗದಲ್ಲಿ ಹುಳ ಇಲ್ಲ. ಹಸಿ ಹಿಂಡಿಗೆ, ಹಳೆಯ ರೊಟ್ಟಿಗೆ ಹಿಡಿಯುವ ಬೂಷ್ಟಿನ ಜಾತಿಯದೇ ಒಂದು ಜೀವ ಇದು. ಪುಸ್ತಕದ ಭಾಷೆಯಲ್ಲಿ ಶಿಲೀಂಧ್ರ ಅಥವಾ ಫಂಗಸ್ ಎನ್ನುತ್ತಾರೆ. ಚರ್ಮದ ಮೇಲ್ಪದರ, ಕೂದಲು, ಉಗುರು ಮೂರರಲ್ಲೂ ಕೆರಾಟಿನ್ ಎಂಬ ಗಟ್ಟಿ ವಸ್ತು ಇರುತ್ತದೆ. ಈ ಫಂಗಸ್ಸಿಗೆ ಅದೇ ಆಹಾರ.

ಅದು ಚರ್ಮದ ಮೇಲೆ ಒಂದು ಕಡೆ ಬೇರೂರಿ ಸುತ್ತಲೂ ಹರಡುತ್ತ ಹೋಗುತ್ತದೆ. ನಡುವಿನ ಭಾಗ ಮಾಯುತ್ತ ಬರುತ್ತದೆ, ಅಂಚು ಮಾತ್ರ ಕೆಂಪಗೆ ಉಬ್ಬಿ ಹೊಟ್ಟು ಏಳುತ್ತಿರುತ್ತದೆ. ಹಾಗಾಗಿಯೇ ಬಳೆಯ ಆಕಾರ ಕಾಣುತ್ತದೆ. ಜೀವಂತ ಫಂಗಸ್ ಸಿಗುವುದು ಈ ಅಂಚಿನಲ್ಲಿ. ಪರೀಕ್ಷೆಗೆ ನಡುವಿನ ಚರ್ಮ ಕೆರೆದರೆ ಏನೂ ಸಿಗದೆ ಹೋಗಬಹುದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಉದುರಿದ ಕೂದಲು, ಹೊಟ್ಟು, ಹಕ್ಕಳೆಗಳಲ್ಲಿ ಈ ಫಂಗಸ್ಸಿನ ಬೀಜಕಣಗಳು ಇರುತ್ತವೆ. ಒಣ ಜಾಗದಲ್ಲಿ, ಬಿಸಿಲು ಬೀಳದ ಕಡೆ ಅವು ಬಹಳ ಕಾಲ ಬದುಕುತ್ತವೆ. ಬೆಕ್ಕಿನ ಫಂಗಸ್ಸಿನ ಬೀಜಕಣ ಮನೆಯೊಳಗೆ 18 ತಿಂಗಳವರೆಗೂ ಉಳಿಯಬಲ್ಲದು. ದನದ ಫಂಗಸ್ಸಿನದು ಕೊಟ್ಟಿಗೆಯ ಕಂಬ, ಗೋದಲಿ, ದಾವಣಿ ಹಗ್ಗಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೆಕ್ಕನ್ನು ಊರಾಚೆ ಬಿಟ್ಟರೂ ಕೌದಿಯಲ್ಲಿ ಅದರ ಕೂದಲು ಉಳಿದಿದ್ದರೆ ರೋಗ ಮನೆಯಲ್ಲೇ ಇದ್ದಂತೆ.

ಒಂದೇ ಬಳೆ, ಮೂರು ಮೂಲ

ಕಣ್ಣಿಗೆ ಒಂದೇ ತರಹ ಕಾಣುವ ಕಲೆಯ ಹಿಂದೆ ಬೇರೆ ಬೇರೆ ಫಂಗಸ್ ಇರಬಹುದು. ನಮ್ಮ ಮನೆಗಳ ಮಟ್ಟಿಗೆ ಮೂರು ಗುಂಪು ತಿಳಿದರೆ ಸಾಕು.

ಮೊದಲನೆಯದು ಬೆಕ್ಕಿನದು, ಮೈಕ್ರೋಸ್ಪೋರಮ್ ಕೇನಿಸ್. 'ಕೇನಿಸ್' ಎಂದರೆ ನಾಯಿಯದು ಎಂದರ್ಥ. 1902ರಲ್ಲಿ ಹೆಸರಿಟ್ಟಾಗ ನಾಯಿಯ ಹೆಸರು ಅಂಟಿಕೊಂಡಿತು. ಆದರೆ ಇದರ ಮುಖ್ಯ ತವರು ಬೆಕ್ಕು, ಅದರಲ್ಲೂ ಮರಿಗಳು. ಮರಿಗಳನ್ನು ಎತ್ತಿ ಮುದ್ದಾಡುವ ಮಕ್ಕಳಿಗೆ ತಲೆ, ಮುಖ, ಕುತ್ತಿಗೆ, ತೋಳುಗಳಲ್ಲಿ ಹತ್ತುತ್ತದೆ.

ಎರಡನೆಯದು ದನಕರುಗಳದು, ಟ್ರೈಕೊಫೈಟಾನ್ ವೆರುಕೋಸಮ್. ಕರುವಿಗೆ ಹಾಲು ಕುಡಿಸುವಾಗ, ಮೈ ತಿಕ್ಕುವಾಗ, ಹಿಂಡುವಾಗ ಆಕಳ ಪಕ್ಕೆಗೆ ತಲೆ ಆನಿಸಿದಾಗ ನಮಗೆ ದಾಟುತ್ತದೆ. ಮುಂಗೈ, ಮಣಿಕಟ್ಟು, ಕುತ್ತಿಗೆ, ಹಣೆಯ ಅಂಚು ಇದರ ಜಾಗಗಳು. ಪ್ರಾಣಿಯಿಂದ ಬಂದ ಫಂಗಸ್ಸಿನ ಮೇಲೆ ನಮ್ಮ ಚರ್ಮ ಜೋರಾಗಿ ಸಿಟ್ಟಾಗುತ್ತದೆ. ಹಾಗಾಗಿ ಬಾವು, ಕೀವು, ನೋವು ಹೆಚ್ಚು ಇರಬಹುದು. ಮಕ್ಕಳ ತಲೆಯಲ್ಲಿ ಮೆತ್ತಗೆ ಉಬ್ಬಿ ಕೀವು ಸೋರುವ ಗಡ್ಡೆಯಾದರೆ ಅದನ್ನು ಬರೀ ಕುರು ಎಂದು ತಿಳಿದು ಕೊಯ್ಯಿಸಲು ಹೋಗಬಾರದು. ಅದು ಗಜಕರ್ಣದ್ದೇ ಒಂದು ರೂಪ ಇರಬಹುದು. ತಡ ಮಾಡಿದರೆ ಆ ಜಾಗದಲ್ಲಿ ಕೂದಲು ಮತ್ತೆ ಬಾರದೆ ಹೋಗಬಹುದು.

ಮೂರನೆಯದು ಮನುಷ್ಯರಿಂದ ಮನುಷ್ಯರಿಗೇ ಹರಡುವುದು. ಟ್ರೈಕೊಫೈಟಾನ್ ರೂಬ್ರಮ್ ಹಳೆಯದು. ಟ್ರೈಕೊಫೈಟಾನ್ ಇಂಡೊಟಿನಿಯೇ ಎಂಬುದಕ್ಕೆ 2020ರಲ್ಲಿ ಹೆಸರಿಟ್ಟರು. ಭಾರತದ ಹೆಸರೇ ಅದರಲ್ಲಿದೆ. ಇವು ಒಂದೇ ಟವೆಲ್, ಒಂದೇ ಹಾಸಿಗೆ, ಕೂಡಿಸಿ ಒಗೆದ ಬಟ್ಟೆ, ಬೆವರಿದ ಒಳಉಡುಪುಗಳಿಂದ ಹರಡುತ್ತವೆ. ಸೊಂಟ, ತೊಡೆಸಂದು, ಎದೆಯ ಕೆಳಗೆ, ನಿರಿಗೆ ಬಿಗಿಯುವ ಜಾಗ ಇವುಗಳ ನೆಲೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಮ್ಮ ದೇಶದಲ್ಲಿ ಇಂದು ದೊಡ್ಡವರಿಗೆ ಬರುವ ಗಜಕರ್ಣದಲ್ಲಿ ಬಹುಪಾಲು ಈ ಮೂರನೇ ಗುಂಪಿನದು. ಬೆಕ್ಕಿನದು ಕಡಿಮೆ. ಹಾಗಾಗಿ ಮನೆಯಲ್ಲಿ ಬೆಕ್ಕು ಇದೆ ಎಂದ ಮಾತ್ರಕ್ಕೆ ಬೆಕ್ಕೇ ಕಾರಣ ಎನ್ನಲಾಗದು. ಬೆಕ್ಕು ಚೆನ್ನಾಗಿ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಕಾರಣವಲ್ಲ ಎಂದೂ ಹೇಳಲಾಗದು. ಕೆಲವು ಬೆಕ್ಕುಗಳು ಒಂದು ಕಲೆಯೂ ಇಲ್ಲದೆ ಕೂದಲಲ್ಲಿ ಬೀಜಕಣ ಹೊತ್ತು ತಿರುಗುತ್ತವೆ. ಗೊತ್ತಾಗಬೇಕಾದರೆ ಪರೀಕ್ಷೆಯೇ ದಾರಿ.

ಮನೆಯಲ್ಲಿ ನೀವೇ ನೋಡಬಹುದಾದದ್ದು

ಬೆಳಗಿನ ಬಿಸಿಲಲ್ಲಿ ಬೆಕ್ಕನ್ನು ತೊಡೆಯ ಮೇಲೆ ಹಳೆ ಬಟ್ಟೆ ಹಾಸಿ ಕೂರಿಸಿಕೊಳ್ಳಿ. ಕಿವಿಯ ಅಂಚು, ಮೂಗಿನ ಸುತ್ತ, ಹುಬ್ಬಿನ ಮೇಲೆ, ಮುಂಗಾಲು, ಬಾಲದ ತುದಿ ನೋಡಿ. ಕೂದಲು ಮುರಿದು ಉದುರಿ ಬೋಳಾದ ಜಾಗ, ಬೂದಿಯಂಥ ಹೊಟ್ಟು ಇದ್ದರೆ ಸಂಶಯ ಪಡಿ. ಬೆಕ್ಕು ಹೆಚ್ಚು ತುರಿಸಿಕೊಳ್ಳದೆಯೂ ಇರಬಹುದು. ನೋಡಿದ ಮೇಲೆ ಕೈ ಸೋಪಿನಿಂದ ತೊಳೆಯಿರಿ.

ಕರುಗಳಲ್ಲಿ ಇದು ಹೆಚ್ಚು ಎದ್ದು ಕಾಣುತ್ತದೆ. ಕಣ್ಣಿನ ಸುತ್ತ, ಕಿವಿ, ಕುತ್ತಿಗೆಯ ಮೇಲೆ ಬೂದು-ಬಿಳಿ ಬಣ್ಣದ ದಪ್ಪ ಹಕ್ಕಳೆ, ಸುಣ್ಣ ಮೆತ್ತಿದ ಹಾಗೆ. ಕತ್ತಲೆಯ, ಗಾಳಿಯಾಡದ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕಟ್ಟಿದ ಕರುಗಳಿಗೆ ಮಳೆಗಾಲದಿಂದ ಚಳಿಗಾಲದವರೆಗೆ ಹೆಚ್ಚು. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಯ ಊರುಗಳಲ್ಲಿ ನೆರೆ ಬಂದಾಗ ದನಗಳನ್ನು ಒಂದೇ ಕಡೆ ಕೂಡಿಹಾಕುವುದುಂಟು. ಅಂಥ ಹೊತ್ತಿನಲ್ಲಿ ಒಂದು ಕರುವಿನದು ಹತ್ತಕ್ಕೆ ಹತ್ತುತ್ತದೆ.

ಆದರೆ ದನದ ಚರ್ಮದ ಮೇಲಿನದೆಲ್ಲ ಗಜಕರ್ಣವಲ್ಲ. ಕಜ್ಜಿಯಾದರೆ ದನ ಸಹಿಸಲಾರದೆ ಕಂಬಕ್ಕೆ ಮೈ ತಿಕ್ಕುತ್ತದೆ, ಚರ್ಮ ದಪ್ಪಗಾಗಿ ಮಡಿಕೆ ಬೀಳುತ್ತದೆ. ನರುಲಿಯಾದರೆ ಹೂಕೋಸಿನಂಥ ಗಂಟು ಇರುತ್ತದೆ. 2022ರಲ್ಲಿ ರಾಜ್ಯವನ್ನೆಲ್ಲ ಕಾಡಿದ ಚರ್ಮಗಂಟು ರೋಗವಾದರೆ ಮೈತುಂಬ ಗಟ್ಟಿ ಗಂಟು ಎದ್ದು, ಜ್ವರ ಬಂದು, ಹಾಲು ಇಳಿಯುತ್ತದೆ. ಅದಕ್ಕೆ ಕೂಡಲೇ ಪಶುವೈದ್ಯರು ಬರಬೇಕು.

ಮನುಷ್ಯರಲ್ಲೂ ಹಾಗೆಯೇ. ಇಸುಬು, ಸೋರಿಯಾಸಿಸ್ ಕೂಡ ದುಂಡಗೆ ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಕುಷ್ಠದ ಕಲೆ. ಗಜಕರ್ಣ ತುರಿಸುತ್ತದೆ. ಕುಷ್ಠದ ಕಲೆ ಸಾಮಾನ್ಯವಾಗಿ ತುರಿಸುವುದಿಲ್ಲ, ಮುಟ್ಟಿದ್ದು, ಬಿಸಿ, ತಂಪು ಅಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಹತ್ತಿಯ ಎಳೆ ತಾಗಿಸಿ ಕಣ್ಣು ಮುಚ್ಚಿ ಹೇಳಲು ಕೇಳಿ. ಗೊತ್ತಾಗದಿದ್ದರೆ, ಅಥವಾ ಸಂಶಯ ಬಂದರೂ, ಆಶಾ ಕಾರ್ಯಕರ್ತೆಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಗಜಕರ್ಣ ಎಂದು ತಿಳಿದು ಮುಲಾಮು ಹಚ್ಚುತ್ತ ಕುಳಿತರೆ ನರಗಳು ಕೆಡುತ್ತವೆ.

ಪರೀಕ್ಷೆಗಳು ಹೇಗೆ ನಡೆಯುತ್ತವೆ?

*ಕೆರೆದು ನೋಡುವ ಪರೀಕ್ಷೆ.* ಎಲ್ಲಕ್ಕಿಂತ ಸರಳ, ಅಗ್ಗ, ಬೇಗ ಆಗುವಂಥದ್ದು ಇದೇ. ಕಲೆಯ ಅಂಚನ್ನು ಸ್ಪಿರಿಟ್‌ನಿಂದ ಒರೆಸಿ, ಮೊಂಡು ಬ್ಲೇಡಿನಿಂದ ಮೆಲ್ಲಗೆ ಹೊಟ್ಟು ಕೆರೆಯುತ್ತಾರೆ. ರಕ್ತ ಬರುವುದಿಲ್ಲ, ನೋವೂ ಇಲ್ಲ. ತಲೆಯಲ್ಲಿದ್ದರೆ ಮುರಿದ ಕೂದಲನ್ನು ಬುಡಸಹಿತ ಚಿಮಟಿಯಿಂದ ಕೀಳುತ್ತಾರೆ. ಅದನ್ನು ಗಾಜಿನ ಮೇಲಿಟ್ಟು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕುತ್ತಾರೆ. ಇದನ್ನೇ ಚುಟುಕಾಗಿ ಕೆಓಎಚ್ ಪರೀಕ್ಷೆ ಎನ್ನುವುದು. ಶೇಕಡಾ 10ರಿಂದ 20ರ ಈ ದ್ರಾವಣ ಚರ್ಮದ ಹೊಟ್ಟನ್ನು ಕರಗಿಸುತ್ತದೆ, ಫಂಗಸ್ಸಿನ ಎಳೆಗಳನ್ನು ಕರಗಿಸುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ದಾರದಂಥ ಎಳೆಗಳು, ಕೂದಲಿಗೆ ಅಂಟಿದ ಬೀಜಕಣಗಳು ಕಾಣುತ್ತವೆ. ಅದೇ ದಿನ ಉತ್ತರ ಸಿಗುತ್ತದೆ. ಕರುವಿನ ಹಕ್ಕಳೆ, ಬೆಕ್ಕಿನ ಕೂದಲನ್ನೂ ಹೀಗೆಯೇ ನೋಡುತ್ತಾರೆ.

ಈ ಪರೀಕ್ಷೆ ಫಂಗಸ್ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ಯಾವ ಫಂಗಸ್ ಎಂದು ಖಚಿತವಾಗಿ ಹೇಳುವುದಿಲ್ಲ. ಒಮ್ಮೆ 'ಇಲ್ಲ' ಎಂದು ಬಂದರೂ ಲಕ್ಷಣ ಹಾಗೇ ಇದ್ದರೆ ಇನ್ನೊಮ್ಮೆ ಮಾಡಿಸಬೇಕು.

*ಬೆಳೆಸಿ ನೋಡುವ ಪರೀಕ್ಷೆ.* ಹೆಸರು ಬೇಕಾದರೆ ಕಲ್ಚರ್ ಮಾಡಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯುವಂತೆ, ಕೆರೆದ ಹೊಟ್ಟನ್ನು ಫಂಗಸ್ಸಿಗೆ ಇಷ್ಟವಾದ ಆಹಾರದ ಮೇಲೆ ಇಟ್ಟು ಕಾಯುತ್ತಾರೆ. ಫ್ರಾನ್ಸಿನ ವೈದ್ಯ ರೇಮಂಡ್ ಸಬುರೋ ನೂರು ವರ್ಷದ ಹಿಂದೆಯೇ ರೂಪಿಸಿದ ಈ ಆಹಾರಕ್ಕೆ ಇಂದಿಗೂ ಅವರದೇ ಹೆಸರು. ಬೆಕ್ಕಿನ ಫಂಗಸ್ ಒಂದೆರಡು ವಾರದಲ್ಲಿ ಬೆಳೆದು ಬಿಳಿ ಅರಳೆಯಂತೆ ಹರಡುತ್ತದೆ, ಕೆಳಗಿನಿಂದ ಹಳದಿ ಬಣ್ಣ ಕಾಣುತ್ತದೆ. ದನದ ಫಂಗಸ್ ನಿಧಾನ. ಅದಕ್ಕೆ ಮೈಶಾಖದಷ್ಟು, ಅಂದರೆ 37 ಡಿಗ್ರಿ ಬೆಚ್ಚಗೆ ಬೇಕು, ಥಯಾಮಿನ್ ಎಂಬ ಜೀವಸತ್ವವೂ ಬೇಕು. ಪ್ರಯೋಗಾಲಯದವರಿಗೆ 'ಮನೆಯಲ್ಲಿ ಕರುವಿಗೂ ಹಕ್ಕಳೆ ಇದೆ' ಎಂದು ತಿಳಿಯದಿದ್ದರೆ ಅವರು ಸಾಮಾನ್ಯ ರೀತಿಯಲ್ಲೇ ಬೆಳೆಸಲು ನೋಡಿ, ಫಂಗಸ್ ಬೆಳೆಯದೆ ಹೋಗಬಹುದು. ಆದ್ದರಿಂದ ಕರುವಿನ ವಿಷಯವನ್ನು ಡಾಕ್ಟರಿಗೆ ನೀವೇ ಹೇಳಿ.

*ಹಲ್ಲುಜ್ಜುವ ಬ್ರಷ್ಷಿನ ಉಪಾಯ.* ಕಲೆ ಕಾಣದ ಬೆಕ್ಕನ್ನು ಪರೀಕ್ಷಿಸುವುದು ಹೇಗೆ? ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಮೈ, ಮುಖ, ಕಿವಿಯ ಹಿಂದೆ, ಕಾಲುಗಳ ಕೂದಲನ್ನು ಎರಡು-ಮೂರು ನಿಮಿಷ ಬಾಚುತ್ತಾರೆ. ಕಲೆ ಇದ್ದರೆ ಅದನ್ನು ಕೊನೆಗೆ ಬಾಚುತ್ತಾರೆ. ಆ ಬ್ರಷ್ಷನ್ನು ಕಲ್ಚರ್ ಆಹಾರದ ಮೇಲೆ ಒತ್ತಿ ಬೆಳೆಸಿ ನೋಡುತ್ತಾರೆ. ಪಶುವೈದ್ಯರು ಹೇಳಿದರೆ ಬಾಚುವ ಕೆಲಸ ನೀವೇ ಮನೆಯಲ್ಲಿ ಮಾಡಬಹುದು. ಒಂದು ಬೆಕ್ಕಿಗೆ ಒಂದು ಬ್ರಷ್, ಒಂದು ಲಕೋಟೆ, ಮೇಲೆ ತಾರೀಖು. ಅದೇ ಬ್ರಷ್ಷನ್ನು ಮತ್ತೊಂದಕ್ಕೆ ಬಳಸಬಾರದು.

*ದೀಪದ ಪರೀಕ್ಷೆ.* ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ಕಂಡುಹಿಡಿದ ವಿಶೇಷ ಗಾಜಿನಿಂದ ಬಂದ ದೀಪ ಇದು. ಅದು ಸೂಸುವ ಬೆಳಕು ನಮ್ಮ ಕಣ್ಣಿಗೆ ಹೆಚ್ಚು ಕಾಣದು. 1925ರಲ್ಲಿ ಫ್ರಾನ್ಸಿನ ವೈದ್ಯರು ಇದನ್ನು ಕೂದಲಿನ ಫಂಗಸ್ ಪತ್ತೆಗೆ ಬಳಸಿದರು. ಕತ್ತಲೆ ಕೋಣೆಯಲ್ಲಿ ಹಿಡಿದರೆ ಬೆಕ್ಕಿನ ಫಂಗಸ್ ಹಿಡಿದ ಕೂದಲು ಹಸಿರು ಸೇಬಿನ ಬಣ್ಣದಲ್ಲಿ ಹೊಳೆಯುತ್ತದೆ. ಆದರೆ ದನದ ಫಂಗಸ್, ಮನುಷ್ಯರಿಂದ ಹರಡುವ ಮೇಲೆ ಹೇಳಿದ ಫಂಗಸ್‌ಗಳು ಹೀಗೆ ಹೊಳೆಯುವುದಿಲ್ಲ. ಹೊಳೆಯಲಿಲ್ಲ ಎಂದರೆ ರೋಗ ಇಲ್ಲ ಎಂದಲ್ಲ. ಹಾಗೆಯೇ ಮುಲಾಮು, ಬಟ್ಟೆಯ ನಾರು, ಸೋಪಿನ ಕಣಗಳೂ ಹೊಳೆಯಬಹುದು. ಅನುಭವಸ್ಥರು ಕೂದಲ ಎಳೆಯೇ ಹೊಳೆಯುತ್ತಿದೆಯೇ ಎಂದು ನೋಡಿ, ಆ ಎಳೆಯನ್ನು ಕಿತ್ತು ಮತ್ತೆ ಕೆಓಎಚ್ ಪರೀಕ್ಷೆಗೆ ಕೊಡುತ್ತಾರೆ.

ದೊಡ್ಡ ಪ್ರಯೋಗಾಲಯಗಳಲ್ಲಿ ಪಿಸಿಆರ್ ಪರೀಕ್ಷೆಯೂ ಇದೆ. ಕೊರೊನಾ ಕಾಲದಲ್ಲಿ ಈ ಹೆಸರು ಎಲ್ಲರೂ ಕೇಳಿದ್ದೇವೆ. ಅದು ಬೇಗ ಹೆಸರು ಹೇಳುತ್ತದೆ, ಆದರೆ ಸತ್ತ ಫಂಗಸ್ಸನ್ನೂ ಲೆಕ್ಕಕ್ಕೆ ಹಿಡಿಯಬಹುದು. ಆದ್ದರಿಂದ ಬೆಕ್ಕು ಗುಣವಾಯಿತೇ ಎಂದು ತಿಳಿಯಲು ಕಲ್ಚರ್ ಹೆಚ್ಚು ನಂಬಿಕೆಯದು.

ಪರೀಕ್ಷೆಯನ್ನೂ ರೋಗಿಯನ್ನೂ ಕೆಡಿಸುವ ಟ್ಯೂಬು

ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಅನೇಕ 'ತುರಿಕೆ ಕ್ರೀಮು'ಗಳಲ್ಲಿ ಎರಡು-ಮೂರು ಔಷಧಿ ಬೆರೆತಿರುತ್ತವೆ. ಒಂದು ಫಂಗಸ್ಸಿನದು, ಒಂದು ಬ್ಯಾಕ್ಟೀರಿಯಾದ್ದು, ಮತ್ತೊಂದು ಸ್ಟೀರಾಯ್ಡ್. ತುರಿಕೆಯನ್ನು ಮೂರೇ ದಿನದಲ್ಲಿ ನಿಲ್ಲಿಸುವುದು ಈ ಸ್ಟೀರಾಯ್ಡ್. ಅದು ಚರ್ಮದ ಸಿಟ್ಟನ್ನು ಇಳಿಸುತ್ತದೆ, ಫಂಗಸ್ಸನ್ನು ಕೊಲ್ಲುವುದಿಲ್ಲ. ಕಾವಲುಗಾರನನ್ನು ಮಲಗಿಸಿದರೆ ಕಳ್ಳನಿಗೆ ಅನುಕೂಲವಾದಂತೆ, ಫಂಗಸ್ ಸದ್ದಿಲ್ಲದೆ ಹರಡುತ್ತದೆ. ಬಳೆಯಂಥ ಅಂಚು ಅಳಿಸಿಹೋಗಿ ಕಲೆ ಗುರುತು ಸಿಗದಂತಾಗುತ್ತದೆ. ಅನುಭವಿ ಡಾಕ್ಟರಿಗೂ ಕಣ್ಣಳತೆಯಲ್ಲಿ ಹೇಳಲು ಕಷ್ಟವಾಗುತ್ತದೆ. ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆ, ಕಂಕುಳಲ್ಲಿ ಮಾಯದ ಗೀರು ಬೀಳುತ್ತವೆ.

ದೇಶದ ತುಂಬ ಹೀಗೆ ಆಗುತ್ತಿದೆ ಎಂದು ಚರ್ಮರೋಗ ತಜ್ಞರು ವರ್ಷಗಳ ಕಾಲ ಎಚ್ಚರಿಸಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಫಂಗಸ್ಸೂ ಬದಲಾಗಿತ್ತು. ಇಂಡೊಟಿನಿಯೇ ಎಂಬ ಹೊಸ ಬಗೆಯಲ್ಲಿ ಅನೇಕವು ಟರ್ಬಿನಾಫಿನ್ ಎಂಬ ಮುಖ್ಯ ಔಷಧಿಗೆ ಜಗ್ಗುವುದಿಲ್ಲ. 2023ರಲ್ಲಿ ಅದು ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲೂ ಕಂಡು ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟಿತು.

ಆದ್ದರಿಂದ ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಎಂದೇನಾದರೂ ಇದೆಯೇ ಎಂದು ಓದುವ ಮಕ್ಕಳಿಂದ ಓದಿಸಿ. ಇದ್ದರೆ ಡಾಕ್ಟರು ಹೇಳದೆ ಹಚ್ಚಬೇಡಿ. ಈಗಾಗಲೇ ಹಚ್ಚಿದ್ದರೆ ಮುಚ್ಚಿಡಬೇಡಿ, ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಹೋಗಿ ತೋರಿಸಿ. ಪರೀಕ್ಷೆಗೆ ಮೊದಲು ಎಷ್ಟು ದಿನ ಬಿಡಬೇಕೆಂದು ಅವರು ಹೇಳುತ್ತಾರೆ. ಕೇರಬೀಜದ ಎಣ್ಣೆ, ಬ್ಯಾಟರಿ ನೀರು ಹಚ್ಚುವುದಂತೂ ಬೇಡವೇ ಬೇಡ. ಅದು ಚರ್ಮವನ್ನು ಸುಡುತ್ತದೆ. ಕರುವಿಗೆ ಹಳೆ ಎಂಜಿನ್ ಎಣ್ಣೆ ಬಳಿದರೆ ಅದು ನೆಕ್ಕಿ ವಿಷವಾಗುತ್ತದೆ.

ಸೊಂಟ, ತೊಡೆಸಂದಿನ ಗಜಕರ್ಣವನ್ನು ತೋರಿಸಲು ನಾಚಿ ವರ್ಷಗಟ್ಟಲೆ ಸಹಿಸುವ ಅಕ್ಕಂದಿರು ಬಹಳ ಇದ್ದಾರೆ. ಇದು ನಡತೆಯ ರೋಗವಲ್ಲ, ಕೊಳಕಿನ ರೋಗವೂ ಅಲ್ಲ. ಬೆವರು, ಬಿಗಿ ಬಟ್ಟೆ, ಹೊಲ-ಕೊಟ್ಟಿಗೆಯ ದುಡಿಮೆಯೇ ಇದಕ್ಕೆ ಎಡೆ ಮಾಡಿಕೊಡುತ್ತವೆ. ಮಹಿಳಾ ಡಾಕ್ಟರು ಬೇಕೆಂದು ಕೇಳುವುದು ನಿಮ್ಮ ಹಕ್ಕು.

ಉಂಗುರವಿಲ್ಲದ ಗಾಯ

ಬೆಕ್ಕಿನಿಂದ ಬರಬಹುದಾದ ಇನ್ನೊಂದು ಫಂಗಸ್ ರೋಗ ಸ್ಪೊರೊಟ್ರಿಕೋಸಿಸ್. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ 1990ರ ದಶಕದ ಕೊನೆಯಿಂದ ಇದು ಬೆಕ್ಕುಗಳ ಪರಚು, ಕಡಿತದಿಂದ ಸಾವಿರಾರು ಜನರಿಗೆ ಹತ್ತಿದೆ. ಅಲ್ಲಿ ಹೆಚ್ಚು ಬಾಧೆಪಟ್ಟವರಲ್ಲಿ ಮನೆಯಲ್ಲಿ ಬೆಕ್ಕು ನೋಡಿಕೊಳ್ಳುವ ಹೆಂಗಸರೇ ಬಹಳ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಮುಳ್ಳು, ಕಸಕಡ್ಡಿ, ಮಣ್ಣು ಚುಚ್ಚಿದ ಗಾಯದಿಂದ ಬರುತ್ತದೆ. ಇದರಲ್ಲಿ ಬಳೆಯಂಥ ಕಲೆ ಇರುವುದಿಲ್ಲ. ಚುಚ್ಚಿದಲ್ಲಿ ಗಂಟು ಎದ್ದು ಹುಣ್ಣಾಗಿ, ಕೈಯ ಮೇಲೆ ಸಾಲಾಗಿ ಮತ್ತಷ್ಟು ಗಂಟು ಏರುತ್ತವೆ. ಕೆಓಎಚ್ ಪರೀಕ್ಷೆಯಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ, ಕಲ್ಚರ್ ಬೇಕು. ವಾರಗಟ್ಟಲೆ ಮಾಯದ ಸಾಲುಗಂಟು ಇದ್ದರೆ, ಬೆಕ್ಕು ಪರಚಿದ್ದನ್ನೋ ಮುಳ್ಳು ಚುಚ್ಚಿದ್ದನ್ನೋ ಡಾಕ್ಟರಿಗೆ ತಪ್ಪದೆ ಹೇಳಿ.

ಹೆಸರು ಗೊತ್ತಾದ ಮೇಲೆ

ಮೂಲ ತಿಳಿದರೆ ಔಷಧಿ ಎಲ್ಲಿಗೆ ಬೇಕು ಎಂಬುದು ತಿಳಿಯುತ್ತದೆ. ಬೆಕ್ಕಿನದಾದರೆ ಮಗುವಿನ ಜೊತೆಗೆ ಮನೆಯ ಎಲ್ಲ ಬೆಕ್ಕಿಗೂ ಚಿಕಿತ್ಸೆ ಆಗಬೇಕು. ದನದ್ದಾದರೆ ಕರುಗಳಿಗೂ ಕೊಟ್ಟಿಗೆಗೂ ಆಗಬೇಕು. ಮನುಷ್ಯರದಾದರೆ ತುರಿಕೆ ಇರುವ ಮನೆಯವರೆಲ್ಲರೂ ಒಟ್ಟಿಗೆ ಔಷಧಿ ತೆಗೆದುಕೊಳ್ಳಬೇಕು, ಟವೆಲ್ ಬೇರೆ ಮಾಡಬೇಕು. ಹೆಂಡತಿಗೆ ಔಷಧಿ ಕೊಟ್ಟು ಗಂಡನನ್ನು ಬಿಟ್ಟರೆ ಎರಡು ತಿಂಗಳಲ್ಲಿ ಮತ್ತೆ ಬರುತ್ತದೆ.

ತಲೆಯ ಗಜಕರ್ಣ ಬರೀ ಮುಲಾಮಿಗೆ ಹೋಗುವುದಿಲ್ಲ. ಫಂಗಸ್ ಕೂದಲ ಒಳಗಿರುವುದರಿಂದ ವಾರಗಟ್ಟಲೆ ಗುಳಿಗೆ ಬೇಕು. ಗರ್ಭಿಣಿಯರು, ಎದೆಹಾಲು ಕೊಡುವವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಗ್ರೈಸಿಯೋಫುಲ್ವಿನ್ ಎಂಬ ಹಳೆಯ ಗುಳಿಗೆ ಗರ್ಭದಲ್ಲಿರುವ ಮಗುವಿಗೆ ಅಪಾಯ. ಗಬ್ಬದ ಬೆಕ್ಕಿಗೂ ಅದನ್ನು ಕೊಡಬಾರದು. ಹಾಲು ಕೊಡುವ ಆಕಳು-ಎಮ್ಮೆಗೆ ಯಾವುದೇ ಔಷಧಿ ಕೊಟ್ಟರೂ ಡೇರಿಗೆ ಎಷ್ಟು ದಿನ ಹಾಲು ಹಾಕಬಾರದು ಎಂದು ಪಶುವೈದ್ಯರನ್ನು ಕೇಳಿಕೊಳ್ಳಿ. ಗಜಕರ್ಣ ಹಾಲಿನ ಮೂಲಕ ಹರಡುವುದಿಲ್ಲ. ಆದರೆ ಔಷಧಿ ಹಾಲಿನಲ್ಲಿ ಉಳಿಯಬಹುದು.

ಕರುವಿನ ಹಕ್ಕಳೆಯನ್ನು ಕೈಗವಸು ಹಾಕಿಕೊಂಡು ಸೋಪಿನ ಬೆಚ್ಚನೆ ನೀರಲ್ಲಿ ನೆನೆಸಿ ತೆಗೆದು, ಕೂಡಿಸಿ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ಕರುವಿಗೆ ತಾನೇ ಎರಡರಿಂದ ನಾಲ್ಕು ತಿಂಗಳಲ್ಲಿ ಮಾಯುವುದುಂಟು. ಆದರೆ ಅಷ್ಟರಲ್ಲಿ ಅದು ಉದುರಿಸಿದ ಬೀಜಕಣ ಮುಂದಿನ ಕರುವಿಗೆ ಕಾದು ಕುಳಿತಿರುತ್ತದೆ. ಹೊಸ ಕರುಗಳಿಗೆ ಬಿಸಿಲು, ಗಾಳಿ, ಬೇರೆ ಹಗ್ಗ ಕೊಡಿ. ಕೊಟ್ಟಿಗೆಯನ್ನು ಕೆರೆದು, ಸೋಪಿನ ನೀರಲ್ಲಿ ತಿಕ್ಕಿ ತೊಳೆದ ಮೇಲೆಯೇ ಕ್ರಿಮಿನಾಶಕ ಹಾಕಬೇಕು. ಸಗಣಿಯ ಮೇಲೆ ಸುರಿದ ಔಷಧಿ ಕೆಲಸ ಮಾಡದು.

ಬೆಕ್ಕಿಗೆ ಕಪ್ಪು ಫಿನೈಲ್ ಎಂದೂ ಹಚ್ಚಬೇಡಿ, ಅದು ಮಲಗುವ ಜಾಗಕ್ಕೂ ಸುರಿಯಬೇಡಿ. ಬೆಕ್ಕಿನ ಪಿತ್ತಜನಕಾಂಗ, ಅಂದರೆ ಲಿವರ್, ಅದನ್ನು ಅರಗಿಸಲಾರದು. ನೆಕ್ಕಿ ಸಾಯುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಬೆಕ್ಕನ್ನು ಮಕ್ಕಳ ಹಾಸಿಗೆಯಿಂದ ದೂರವಿಡಿ. ಕೌದಿಗಳನ್ನು ಸೋಪಿನಲ್ಲಿ ಎರಡು ಸಲ ಒಗೆದು ಸುಡುಬಿಸಿಲಿಗೆ ಹಾಕಿ. ನೆಲವನ್ನು ಒಣ ಕಸಬರಿಗೆಯಿಂದ ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಮನುಷ್ಯರಿಗೆ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಚೀಟಿ ಕೇಳಿ. ಬೆಕ್ಕು, ಕರುಗಳಿಗೆ ನಿಮ್ಮ ಪಶು ಆಸ್ಪತ್ರೆ. ದನಕರುಗಳಿಗೆ ತುರ್ತು ಬಂದಾಗ 1962 ಸಂಖ್ಯೆಗೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ.

ಡಾಕ್ಟರ ಮುಂದೆ ಈ ಐದು ಮಾತು ತಪ್ಪದೆ ಹೇಳಿ:

1. ಕಲೆ ಎಂದು ಶುರುವಾಯಿತು, ಮೊದಲು ಯಾರಿಗೆ ಬಂತು.
2. ಮನೆಯಲ್ಲಿ ಇನ್ನು ಯಾರಿಗೆ ತುರಿಕೆ ಇದೆ.
3. ಬೆಕ್ಕು ಇದೆಯೇ, ಮರಿ ಹಾಕಿದೆಯೇ, ಹೊಸ ಬೆಕ್ಕು ಬಂತೇ.
4. ಕರುವಿಗೆ ಹಕ್ಕಳೆ ಇದೆಯೇ, ಸಂತೆಯಿಂದ ಹೊಸ ದನ ತಂದಿರಾ.
5. ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ.

ಇಷ್ಟು ಹೇಳಿ, 'ಕೆರೆದು ಪರೀಕ್ಷೆ ಮಾಡಿಸಬಹುದೇ ಡಾಕ್ಟರೇ?' ಎಂದು ಕೇಳಿ. ಹಾಗೆ ಕೇಳಿದರೆ ಡಾಕ್ಟರಿಗೆ ಅಗೌರವವಲ್ಲ. ಹಾಲಿನ ಫ್ಯಾಟ್ ಅನ್ನು ಕಣ್ಣಿನಿಂದ ನೋಡಿ ಬರೆಯಲು ನಾವು ಡೇರಿಯಲ್ಲಿ ಬಿಡುವುದಿಲ್ಲ, ಯಂತ್ರಕ್ಕೆ ಹಾಕಿಸುತ್ತೇವೆ. ನಮ್ಮ ಮಕ್ಕಳ ಚರ್ಮಕ್ಕೂ ಅಷ್ಟೇ ಬೆಲೆ ಇದೆ.

ಮುಂದಿನ ಸಂಘದ ಸಭೆಯಲ್ಲಿ ಈ ಲೇಖನವನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಓದಿ. ಅದೇ ವಾರ ನಿಮ್ಮ ನಿಮ್ಮ ಕರುಗಳ ಕಣ್ಣು-ಕಿವಿಯ ಸುತ್ತ ನೋಡಿ, ಹಕ್ಕಳೆ ಕಂಡವರು ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ. ನಾಲ್ಕಾರು ಮನೆಗಳದು ಕೂಡಿದರೆ ಪಶುವೈದ್ಯರನ್ನು ಒಂದೇ ದಿನ ಊರಿಗೆ ಕರೆಸಿ ಎಲ್ಲವನ್ನೂ ನೋಡಿಸಬಹುದು.